ತೊಳೆದು ಬರುತ್ತಿದ್ದ ಡಬ್ಬಿ

2004ನೇ ಇಸವಿ. ಆಗ ನಾನು ಅಹಮದಾಬಾದಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಟಿಷಿಯನ್. ಬಾಗಿಲ ಮೇಲೆ ಹುದ್ದೆಯ ಹೆಸರು ಏನೇ ಇರಲಿ, ರೋಗಿಗಳ ಬಾಯಲ್ಲಿ ನಾನು ‘ಡಯೆಟ್‌ವಾಲಾ ಬೆನ್’, ಅಂದರೆ ಡಯೆಟ್ ಅಕ್ಕ. ಕೆಲಸಕ್ಕೆ ಸೇರಿ ಹದಿನೇಳು ವರ್ಷವಾಗಿತ್ತು. ಅಷ್ಟೂ ವರ್ಷ ನಾನು ಮಾಡಿದ್ದು ಒಂದೇ ಕೆಲಸ, ಜನರ ತಟ್ಟೆಯಿಂದ ಏನನ್ನಾದರೂ ತೆಗೆಯುವುದು. ಸಕ್ಕರೆ ಕಾಯಿಲೆಯವರ ಜಿಲೇಬಿ ತೆಗೆ, ಬಿಪಿಯವರ ಉಪ್ಪಿನಕಾಯಿ ತೆಗೆ, ಬೈಪಾಸ್ ಆದವರ ತುಪ್ಪ ತೆಗೆ. ಗುಜರಾತಿನಲ್ಲಿ ಕೂತು ಜನರಿಗೆ ಕಡಲೆಹಿಟ್ಟಿನ ಕರಿದ ಫಾಫಡಾ ಬೇಡ ಎನ್ನುವುದು ಹುಡುಗಾಟವಲ್ಲ. ಎಷ್ಟೋ ಅಜ್ಜಂದಿರು ನನ್ನ ಮುಖ ಕಂಡರೆ ಕುರ್ಚಿ ತಿರುಗಿಸಿ ಕೂರುತ್ತಿದ್ದರು.

ಹಾಗಿರುವಾಗ ಆಗಸ್ಟ್ ತಿಂಗಳಲ್ಲಿ ನಮ್ಮ ಮನೋವೈದ್ಯೆ ಒಂದು ಫೈಲು ತಂದು ನನ್ನ ಮೇಜಿನ ಮೇಲಿಟ್ಟರು. “ನಿಮ್ಮ ಭಾಷೆಯ ಹುಡುಗಿ. ಈ ಸಲ ನೀವು ತಟ್ಟೆ ತುಂಬಿಸಬೇಕು,” ಎಂದರು.

ಹುಡುಗಿಯ ಹೆಸರು ರಶ್ಮಿ ಎಂದಿಟ್ಟುಕೊಳ್ಳೋಣ. ವಯಸ್ಸು ಹತ್ತೊಂಬತ್ತು, ಆರ್ಕಿಟೆಕ್ಚರ್ ಎರಡನೇ ವರ್ಷ. ತಂದೆ ವಿಮೆ ಕಂಪನಿಯ ಅಧಿಕಾರಿ, ತುಮಕೂರಿನ ಕಡೆಯವರು, ವರ್ಗವಾಗಿ ಬಂದು ವಡೋದರದ ಮಂಜಲ್‌ಪುರದಲ್ಲಿ ಮನೆ ಮಾಡಿದ್ದರು. ಹುಡುಗಿ ಬೆಳೆದದ್ದೆಲ್ಲ ಗುಜರಾತಿನಲ್ಲೇ. ಅಹಮದಾಬಾದಿನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಫ್ಲ್ಯಾಟ್ ಬಾಡಿಗೆ ಹಿಡಿದಿದ್ದಳು. ಒಂದು ದಿನ ಕಾಲೇಜಿನ ಮೆಟ್ಟಿಲ ಮೇಲೆ ಕುಸಿದು ಬಿದ್ದಳು. ನಾಡಿ ಬಡಿತ ತೀರಾ ಇಳಿದಿತ್ತು. ಹದಿನೆಂಟು ದಿನ ನಮ್ಮ ವಾರ್ಡಿನಲ್ಲಿದ್ದಳು.

ಕಾಯಿಲೆಯ ಹೆಸರು ಅನೊರೆಕ್ಸಿಯಾ ನರ್ವೋಸಾ. ಇದು ಹಟವೂ ಅಲ್ಲ, ಸಣ್ಣಗಾಗುವ ಶೋಕಿಯೂ ಅಲ್ಲ, ಊಟವನ್ನೇ ಭಯವಾಗಿ ಮಾಡಿಬಿಡುವ ರೋಗ. ಹಸಿವಾದರೂ ತಿನ್ನಲಾಗುವುದಿಲ್ಲ, ತಿಂದರೆ ತಪ್ಪು ಮಾಡಿದ ಹಾಗೆ ಮನಸ್ಸು ಚುಚ್ಚುತ್ತದೆ. ಇದಕ್ಕೆ ಮನೋವೈದ್ಯರು ಬೇಕು, ಹೃದಯ ನೋಡುವ ವೈದ್ಯರು ಬೇಕು, ಜೊತೆಗೆ ಸಾಕಷ್ಟು ಊಟ ಬೇಕು. ಊಟವಿಲ್ಲದೆ ಉಳಿದ ಔಷಧ ನಾಟುವುದಿಲ್ಲ, ಏಕೆಂದರೆ ಹಸಿದ ಮೆದುಳಿಗೆ ಮಾತು ಹಿಡಿಸುವುದಿಲ್ಲ. ಬಿಡುಗಡೆ ಮಾಡುವಾಗ ಮನೋವೈದ್ಯೆ ಒಂದು ಷರತ್ತು ಹಾಕಿದರು. ದೀಪಾವಳಿ ರಜೆಯೊಳಗೆ ತೂಕ ಮತ್ತು ನಾಡಿ ಸುಧಾರಿಸಬೇಕು. ಇಲ್ಲವಾದರೆ ಕಾಲೇಜು ಬಿಡಿಸಿ ಮತ್ತೆ ವಾರ್ಡಿಗೆ. ಇನ್ನೊಂದು ಸಲ ನಾಡಿ ಹಾಗೆ ಇಳಿದರೆ ಏನಾಗುತ್ತದೆ ಎಂದು ಹೇಳಲಾರೆ ಎಂದು ತಂದೆ ತಾಯಿಗೆ ನೇರವಾಗಿ ಹೇಳಿದರು. ತಾಯಿ ಅಲ್ಲೇ ಸೆರಗು ಬಾಯಿಗೆ ಒತ್ತಿಕೊಂಡರು.

ನಾನು ಚಾರ್ಟ್ ಬರೆದೆ. ನನ್ನ ಚಾರ್ಟ್ ಎಂದರೆ ನನಗೆ ಮಹಾ ಜಂಬ. ದಿನಕ್ಕೆ ಆರು ಸಲ, ಮೂರು ಊಟ ಮೂರು ತಿಂಡಿ, ಪ್ರತಿಯೊಂದಕ್ಕೂ ಅಳತೆ, ಪಕ್ಕದಲ್ಲಿ ಗುರುತು ಹಾಕಲು ಚೌಕ. ಅಡುಗೆ ಮಾಡಿಕೊಳ್ಳಲು ಬಿಟ್ಟರೆ ಆಗದೆಂದು ಗಂಗಕ್ಕನ ಡಬ್ಬಿಗೆ ಹೇಳಿಸಿದೆ.

ಗಂಗಕ್ಕ ಹುಬ್ಬಳ್ಳಿಯವರು. ಗಂಡ ರೈಲ್ವೆಯಿಂದ ನಿವೃತ್ತರು. ಅಹಮದಾಬಾದಿನ ಕನ್ನಡದ ವಿದ್ಯಾರ್ಥಿಗಳಿಗೆ, ಬ್ಯಾಂಕಿನವರಿಗೆ ದಿನಾ ನಲವತ್ತು ಡಬ್ಬಿ ಊಟ ಕಳಿಸುತ್ತಿದ್ದರು. ಯಜಮಾನರು ಸ್ಕೂಟರಿನಲ್ಲಿ ಹಂಚಿ, ಸಂಜೆ ಖಾಲಿ ಡಬ್ಬಿ ವಾಪಸ್ ತರುತ್ತಿದ್ದರು. ನಾನೂ ನಾಲ್ಕು ವರ್ಷದಿಂದ ಅವರ ಗಿರಾಕಿ. ನನ್ನವರಿಗೆ ಬ್ಯಾಂಕಿನ ಸೂರತ್ ಶಾಖೆಗೆ ವರ್ಗವಾಗಿತ್ತು, ಶನಿವಾರ ಸಂಜೆ ಬಂದು ಸೋಮವಾರ ಬೆಳಗ್ಗೆ ಹೋಗುತ್ತಿದ್ದರು. ಒಬ್ಬಳಿಗಾಗಿ ಕುಕ್ಕರ್ ಕೂಗಿಸಲು ಬೇಜಾರು.

ಪ್ರತಿ ಗುರುವಾರ ರಶ್ಮಿ ತಪಾಸಣೆಗೆ ಬರುತ್ತಿದ್ದಳು. ಮೊದಲ ಎರಡು ವಾರ ತೂಕ ಸ್ವಲ್ಪ ಏರಿತು. ಮೂರನೇ ವಾರ ನಿಂತಿತು. ಐದನೇ ವಾರ ಇಳಿಯಿತು. ಚಾರ್ಟ್ ನೋಡಿದರೆ ಎಲ್ಲ ಚೌಕಗಳಲ್ಲೂ ಮುದ್ದಾದ ಟಿಕ್ ಮಾರ್ಕು.

“ಏನಮ್ಮಾ ಇದು?” ಎಂದು ಗದರಿದೆ.

“ಸಚ್ಚಿ ಮೇಡಂ, ಎಲ್ಲಾ ತಿಂದೆ,” ಎಂದಳು, ಕಣ್ಣು ಮೇಜಿನ ಮೇಲೆ.

ಥೈರಾಯ್ಡ್ ಪರೀಕ್ಷೆ ಮಾಡಿಸಿದೆ. ಹೊಟ್ಟೆಯ ಪರೀಕ್ಷೆ ಮಾಡಿಸಿದೆ. ನನ್ನ ಚಾರ್ಟಿನಲ್ಲಿ ತಪ್ಪಿರಬಹುದು ಎಂದು ಮಾತ್ರ ನನ್ನ ತಲೆಗೆ ಹೊಳೆಯಲೇ ಇಲ್ಲ.

ಆ ಶನಿವಾರ ಮಧ್ಯಾಹ್ನ ಗಂಗಕ್ಕ ಆಸ್ಪತ್ರೆಗೇ ಬಂದರು. ಎಂದೂ ಬಂದವರಲ್ಲ. ಕೂರಲು ಹೇಳಿದರೂ ನಿಂತೇ ಮಾತು ತೆಗೆದರು.

“ಬಾಯಾರ, ಒಂದ ಮಾತ ಹೇಳಾಕ ಬಂದೀನ್ರಿ. ಸಿಟ್ಟಾಗಬ್ಯಾಡ್ರಿ.”

“ಹೇಳಿ ಗಂಗಕ್ಕ.”

“ಉಂಡವ್ರ ಡಬ್ಬಿ ಹೆಂಗ ಬರ್ತೈತಿ ಗೊತ್ತೇನ್ರಿ? ತಳದಾಗ ಚೂರ ಸಾರ, ಒಂದ ಕರಿಬೇವಿನ ಎಲಿ, ಮುಚ್ಚಳಕ್ಕ ಅಂಟಿದ ಅನ್ನದ ಅಗಳ. ಹೊಟ್ಟಿ ತುಂಬ ಉಂಡವ್ರು ನೀರ ಹಾಕಿ ಅಲ್ಲಾಡಿಸಿ ಕೊಟ್ಟರ ದೊಡ್ಡದು. ಆ ಹುಡುಗಿ ಡಬ್ಬಿ ಸಬಕಾರ ಹಚ್ಚಿ, ತಿಕ್ಕಿ, ಒರಿಸಿ ಬರ್ತೈತ್ರಿ. ದಿನಾ. ಆಕಿ ಉಣ್ಣಾಕ್ಹತ್ತಿಲ್ಲ.”

ನಾನು ಪೆನ್ನು ಕೆಳಗಿಟ್ಟೆ. ಹದಿನೇಳು ವರ್ಷದ ಅನುಭವ, ಎರಡು ಡಿಗ್ರಿ, ಎರಡು ಪರೀಕ್ಷೆಯ ರಿಪೋರ್ಟು. ಈ ಹೆಂಗಸು ಖಾಲಿ ಡಬ್ಬಿ ನೋಡಿ ಕಾಯಿಲೆ ಹಿಡಿದಿದ್ದರು.

“ಮೊದಲೇ ಯಾಕೆ ಹೇಳಲಿಲ್ಲ ಗಂಗಕ್ಕ?”

ಅವರು ಸೆರಗಿನ ತುದಿ ಸುತ್ತಿದರು. “ಹೆಂಗ ಹೇಳ್ಲಿರಿ? ನಲವತ್ತರಾಗ ತೊಳದ ಬರೂ ಡಬ್ಬಿ ಎರಡ. ಒಂದ ಆಕಿದು. ಇನ್ನೊಂದ ನಿಮ್ದ್ರಿ.”

ಮಾತು ನಿಜ. ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ರೋಗಿಗಳು, ನಡುನಡುವೆ ಚಹಾ. ಡಬ್ಬಿಯ ಊಟವನ್ನು ವಾರ್ಡಿನ ಆಯಾಗೆ ಕೊಟ್ಟು, ಗಂಗಕ್ಕನಿಗೆ ಬೇಸರವಾಗಬಾರದೆಂದು ಖಾಲಿ ಡಬ್ಬಿ ನಾನೇ ತೊಳೆದಿಡುತ್ತಿದ್ದೆ. ಪುರುಸೊತ್ತಿಲ್ಲ ಎಂದುಕೊಳ್ಳುತ್ತಿದ್ದೆ. ಆದರೆ ‘ಮೇಡಂ ಎಷ್ಟು ಸ್ಲಿಮ್ ಇದ್ದಾರೆ ನೋಡಿ’ ಎಂದು ಯಾರಾದರೂ ಅಂದರೆ ಒಳಗೊಳಗೇ ಉಬ್ಬುತ್ತಿದ್ದೆ, ಅದೂ ನಿಜ. ರಶ್ಮಿಯದು ಕಾಯಿಲೆ, ನನ್ನದು ಬರೀ ಡೌಲು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ಆದರೂ ನಾಚಿಕೆಯಾಯಿತು.

ಗಂಗಕ್ಕ ಮುಗಿಸಿರಲಿಲ್ಲ. ರಶ್ಮಿಯ ತಾಯಿ ಪ್ರತಿ ಶನಿವಾರ ವಡೋದರದಿಂದ ರೈಲಿನಲ್ಲಿ ಬಂದು, ಗಂಗಕ್ಕನ ಮನೆಯಿಂದಲೇ ಡಬ್ಬಿ ತೆಗೆದುಕೊಂಡು ಮಗಳ ಫ್ಲ್ಯಾಟಿಗೆ ಹೋಗುತ್ತಿದ್ದರು. “ಆ ತಾಯಿ ಮಗಳಿಗೆ ಬಡಿಸಿ ತಾ ಒಂದ ಲೋಟ ಹಾಲ ಕುಡದ ಕೂಡ್ತಾಳ್ರಿ. ಆಕಿನ ಹೇಳಿದ್ಳು, ಹರಕಿ ಅಂತ. ಮಗಳಿಗೆ ಆರಾಮ ಆಗೂ ತನಕ ಸೋಮವಾರ, ಗುರುವಾರ, ಶನಿವಾರ ಉಪವಾಸ. ಉಣ್ಣದವ್ರೆಲ್ಲಾ ಕೂಡಿ ಒಬ್ಬಾಕಿಗೆ ಉಣ್ಣ ಉಣ್ಣ ಅಂದ್ರ ಹೆಂಗ್ರಿ ಬಾಯಾರ?”

ಅಯ್ಯೋ ದೇವರೇ ಅನ್ನಿಸಿತು.

ಗುರುವಾರ ರಶ್ಮಿ ಬಂದಳು. ಡಬ್ಬಿಯ ವಿಷಯ ಕೇಳಿದೆ. ತಕ್ಷಣ ಇಲ್ಲ ಎಂದಳು. ಆಮೇಲೆ ತಲೆಯೆತ್ತಿ, “ಮೇಡಂ, ನೀವು ಲಂಚ್ ಮಾಡಿದ್ರಾ?” ಎಂದಳು.

ಗಂಟೆ ಎರಡೂವರೆ. ‘ಆಯ್ತಮ್ಮ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ದಿನಾ ಹೇಳಿ ಅಭ್ಯಾಸವಾದ ಸುಳ್ಳು. ನುಂಗಿಕೊಂಡೆ.

“ಇಲ್ಲ. ನಂದೂ ತೊಳೆದ ಡಬ್ಬಿನೇ ಕಣೇ.”

ಹುಡುಗಿ ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ಅಂದೇ ಮೊದಲ ಸಲ ಬಾಯಿ ಬಿಟ್ಟಿದ್ದು. ರೂಮಿನ ಹುಡುಗಿಯರಿಬ್ಬರೂ ಡಯೆಟ್ ಮಾಡುತ್ತಿದ್ದರು. ನನ್ನ ಚಾರ್ಟ್ ನೋಡಿ ‘ಇಷ್ಟೊಂದಾ? ಕುಸ್ತಿಗೆ ಹೋಗ್ತೀಯಾ?’ ಎಂದು ತಮಾಷೆ ಮಾಡಿದ್ದರು. ಅಂದಿನಿಂದ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಡಬ್ಬಿ ತೆಗೆಯುತ್ತಿದ್ದಳು. “ಚಾರ್ಟಲ್ಲಿ ಅಳತೆ ಇದೆ ಅಲ್ವಾ ಮೇಡಂ, ಅದಕ್ಕಿಂತ ಒಂದು ಚಮಚ ಜಾಸ್ತಿ ಆದ್ರೂ ಡರ್ ಲಗ್ತಾ ಹೈ. ಆಮೇಲೆ ಅಷ್ಟು ಕೂಡ ಭಯ ಆಯ್ತು. ಒಬ್ಬಳೇ ಕೂತ್ರೆ ಕೈ ಎತ್ತೋಕೇ ಆಗಲ್ಲ.” ರೊಟ್ಟಿಗಳನ್ನು ಗೇಟಿನ ಹತ್ತಿರ ಬರುವ ಹಸುವಿಗೆ ಹಾಕುತ್ತಿದ್ದಳಂತೆ. ಹಸುವಿಗೆ ರೊಟ್ಟಿ ಕೊಡುವುದು ಗುಜರಾತಿನಲ್ಲಿ ದೊಡ್ಡ ಪುಣ್ಯ. ಅಪಾರ್ಟ್‌ಮೆಂಟ್ ಸೊಸೈಟಿಯ ಹೆಂಗಸರೆಲ್ಲ ‘ಎಂಥಾ ಸಂಸ್ಕಾರವಂತ ಹುಡುಗಿ’ ಎಂದು ಹೊಗಳುತ್ತಿದ್ದರಂತೆ. ಹೊಗಳಿದಷ್ಟೂ ಅವಳಿಗೆ ಅಳು ಬರುತ್ತಿತ್ತಂತೆ.

ಆ ಸಂಜೆಯೇ ಮನೋವೈದ್ಯೆಯ ಜೊತೆ ಕೂತು ಹೊಸ ಏರ್ಪಾಡು ಮಾಡಿದೆವು. ಎಷ್ಟು ಬಡಿಸಬೇಕು ಎಂಬುದು ನನಗೆ ಮತ್ತು ಗಂಗಕ್ಕನಿಗೆ ಮಾತ್ರ ಗೊತ್ತಿರಬೇಕು. ತೂಕದ ಅಂಕಿ ರಶ್ಮಿಗೆ ತೋರಿಸುವಂತಿಲ್ಲ. ಕಾಲೇಜು ಹತ್ತಿರವಿದ್ದುದರಿಂದ ಮಧ್ಯಾಹ್ನದ ಊಟ ನನ್ನ ಕೋಣೆಯಲ್ಲಿ, ನನ್ನ ಜೊತೆ. ಸಂಜೆ ಗಂಗಕ್ಕನ ಮನೆಯಲ್ಲಿ ಅವರೆಲ್ಲರ ಜೊತೆ. ಉಣ್ಣುವಾಗ ತೂಕ, ದಪ್ಪ, ಸಣ್ಣ, ಇಷ್ಟೇ ತಿಂದ್ಯಾ, ಈ ಮಾತೆಲ್ಲ ನಿಷಿದ್ಧ.

ತಾಯಿಯನ್ನು ಒಪ್ಪಿಸುವುದು ಕಷ್ಟವಾಯಿತು. “ಹರಕೆ ಮುರಿದು ಮಗಳಿಗೆ ಏನಾದ್ರೂ ಆದ್ರೆ ಮೇಡಂ? ನನ್ ಕೈಲಿ ಇರೋದು ಇದೊಂದೇ,” ಎಂದು ಗೊಳೋ ಎಂದು ಅತ್ತರು. ಅವರ ಕೈ ಹಿಡಿದುಕೊಂಡೆ. “ಮುರೀಬೇಡಿ, ಬದಲಾಯಿಸಿ. ಅವಳ ಜೊತೆ ಕೂತು ಹೊಟ್ಟೆ ತುಂಬ ಉಣ್ತೀನಿ ಅಂತ ದೇವರಿಗೆ ಹೇಳಿ. ಇದು ಉಪವಾಸಕ್ಕಿಂತ ಕಷ್ಟದ ಹರಕೆ,” ಎಂದೆ. ಎರಡು ವಾರ ಯೋಚಿಸಿದರು. ಮೂರನೇ ಶನಿವಾರ ಗಂಗಕ್ಕನ ಮನೆಯಲ್ಲಿ ತಟ್ಟೆ ಹಾಕಿಸಿಕೊಂಡರು.

ನನ್ನ ಕೋಣೆಯ ಮೊದಲ ಊಟ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಹುಡುಗಿಯ ಕಣ್ಣೀರು ಪಲ್ಯಕ್ಕೆ ಬೀಳುತ್ತಿತ್ತು. ಹೊರಗೆ ರೋಗಿಗಳು ಬಾಗಿಲು ತಟ್ಟುತ್ತಿದ್ದರು. ನನಗೂ ನಡು ಮಧ್ಯಾಹ್ನ ಅಷ್ಟು ಉಂಡು ಅಭ್ಯಾಸವಿಲ್ಲ, ಹೊಟ್ಟೆ ಭಾರವಾಗಿ ನಿದ್ದೆ ಎಳೆಯುತ್ತಿತ್ತು. ಇಬ್ಬರೂ ಒಬ್ಬರ ಡಬ್ಬಿ ಒಬ್ಬರು ನೋಡುತ್ತಾ ಮುಗಿಸಿದೆವು. ಸಂಜೆ ಗಂಗಕ್ಕನ ಮನೆಯಲ್ಲಿ ಬೇರೆಯೇ ಲೋಕ. ನೀರಿನ ಟ್ಯಾಂಕರ್ ಬರಲಿಲ್ಲ, ನಾದಿನಿ ಫೋನಿನಲ್ಲಿ ಜಗಳವಾಡಿದಳು, ಮಾತಿಗೆ ಕೊನೆಯಿಲ್ಲ. ರಶ್ಮಿ ತುತ್ತು ಹಿಡಿದು ಕೂತುಬಿಟ್ಟರೆ ಗಂಗಕ್ಕ ಹೇಳುತ್ತಿದ್ದುದು ಒಂದೇ ಮಾತು: “ಸಾವಕಾಶ ಉಣ್ಣವಾ. ನಾ ಎಲ್ಲೂ ಹೋಗಂಗಿಲ್ಲ.”

ಎಲ್ಲ ಸಲೀಸಾಯಿತು ಎಂದರೆ ಸುಳ್ಳಾಗುತ್ತದೆ. ಅಕ್ಟೋಬರಿನಲ್ಲಿ ನವರಾತ್ರಿ ಬಂತು. ಊರಿಗೆ ಊರೇ ಉಪವಾಸ, ಗರ್ಬಾ ಕುಣಿತ. “ಎಲ್ಲರೂ ಮಾಡ್ತಾರೆ, ನಾನು ಯಾಕೆ ಮಾಡಬಾರದು?” ಎಂದು ಹಟ ಹಿಡಿದಳು. ಮೂರು ದಿನ ನನ್ನ ಕೋಣೆಗೆ ಬರಲಿಲ್ಲ. ಗುರುವಾರ ತೂಕ ಮತ್ತೆ ಇಳಿದಿತ್ತು, ನಾಡಿಯೂ. ಮನೋವೈದ್ಯೆ ಸ್ವತಃ ಗುಜರಾತಿ, ಒಂಬತ್ತು ದಿನ ಕಟ್ಟುನಿಟ್ಟಾಗಿ ವ್ರತ ಹಿಡಿಯುವವರು. ಆ ವರ್ಷ ರಶ್ಮಿಯನ್ನು ಎದುರಿಗೆ ಕೂರಿಸಿಕೊಂಡು, “ನಿನಗೆ ಈ ವ್ರತ ಔಷಧದ ಜೊತೆ ವಿಷ ಕುಡಿದ ಹಾಗೆ. ಈ ಸಲ ನಾನೂ ಬಿಡುತ್ತೇನೆ,” ಎಂದು ಅವಳೆದುರೇ ಚಪಾತಿ ಮುರಿದರು. ಹುಡುಗಿ ದಂಗಾಗಿ ನೋಡಿದಳು. ಮರುದಿನ ಒಂದೂವರೆಗೆ ನನ್ನ ಬಾಗಿಲಲ್ಲಿ ನಿಂತಿದ್ದಳು.

ದೀಪಾವಳಿಗೆ ಮುಂಚಿನ ಗುರುವಾರ ಕೊನೆಯ ತಪಾಸಣೆ. ತಂದೆ ರಜೆ ಹಾಕಿ ಬಂದಿದ್ದರು. ಬೇಕಾದರೆ ಕರೆದೊಯ್ಯಲು ಎರಡು ಖಾಲಿ ಸೂಟ್‌ಕೇಸು ಕಾರಿನಲ್ಲಿಟ್ಟಿದ್ದರು. ನರ್ಸ್ ಅಂಕಿ ಬರೆದ ಚೀಟಿ ಮಡಿಸಿ ಮನೋವೈದ್ಯೆಗೆ ಕೊಟ್ಟರು. ಅವರು ಓದಿ, ನಾಡಿ ಇನ್ನೊಮ್ಮೆ ತಾವೇ ಎಣಿಸಿ, ಕನ್ನಡಕ ತೆಗೆದರು. “ರಜೆ ಮುಗಿದ ಮೇಲೆ ಕಾಲೇಜಿಗೆ ಹೋಗು. ಊಟದ ಹೊತ್ತು ತಪ್ಪಿಸಬೇಡ,” ಎಂದರು, ಅಷ್ಟೇ. ಅವಳ ತಂದೆ, ಅಷ್ಟು ದೊಡ್ಡ ಮನುಷ್ಯ, ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು.

ರಜೆ ಮುಗಿದು ಹದಿನೈದು ದಿನವಾಗಿರಬೇಕು. ಗಂಗಕ್ಕ ಮತ್ತೆ ಆಸ್ಪತ್ರೆಗೆ ಬಂದು, ಎರಡು ಡಬ್ಬಿ ಮೇಜಿನ ಮೇಲೆ ಕುಕ್ಕಿ ಮುಚ್ಚಳ ತೆಗೆದರು. ಒಂದರಲ್ಲಿ ಒಣಗಿದ ಬೇಳೆ ಸಾರು, ಇನ್ನೊಂದರಲ್ಲಿ ಸಾಸಿವೆ ಕಾಳು, ಅರ್ಧ ಮೆಣಸಿನಕಾಯಿ. “ನೋಡ್ರಿ ಬಾಯಾರ, ಎರಡೂ ಹೊಲಸ ಬಂದಾವ! ತೊಳಿಯೂವಷ್ಟರಾಗ ನನ್ನ ಕೈ ಬಿದ್ದ ಹೋದವು,” ಎಂದು ಬೈದರು. ಬೈಯುತ್ತಲೇ ಕಣ್ಣೊರೆಸಿಕೊಂಡರು.

ರಶ್ಮಿಗೆ ಪೂರ್ತಿ ಗುಣವಾಗಲು ಇನ್ನೂ ಮೂರು ವರ್ಷ ಹಿಡಿಯಿತು, ಮಧ್ಯೆ ಒಮ್ಮೆ ಮತ್ತೆ ಜಾರಿದಳು, ಮತ್ತೆ ಎದ್ದಳು. ಆ ಕೇಸಿನ ನಂತರ ನನ್ನ ಕೆಲಸದಲ್ಲಿ ಒಂದು ಬದಲಾವಣೆಯಾಯಿತು. ‘ನಮ್ಮ ಮಗಳು ಸರಿಯಾಗಿ ಉಣ್ಣುತ್ತಿಲ್ಲ’ ಎಂದು ಯಾರೇ ಬಂದರೂ ಮೊದಲು ವೈದ್ಯರ ಹತ್ತಿರ ಕಳಿಸುತ್ತಿದ್ದೆ. ಆಮೇಲೆ ಚಾರ್ಟ್ ಬರೆಯುವ ಮುನ್ನ ಒಂದೇ ಪ್ರಶ್ನೆ: ಅವಳು ಉಣ್ಣುವಾಗ ಜೊತೆಗೆ ಯಾರು ಕೂತು ಉಣ್ಣುತ್ತೀರಿ? ಹೆಚ್ಚಿನ ಮನೆಗಳಲ್ಲಿ ಎಲ್ಲರೂ ಸುತ್ತ ನಿಂತು ನೋಡುವವರೇ.

ನಾನು ನಿವೃತ್ತಳಾದ ದಿನ ರಶ್ಮಿ ಸೂರತ್‌ನಿಂದ ಬಂದಿದ್ದಳು. ಅಲ್ಲಿ ಆರ್ಕಿಟೆಕ್ಟ್ ಕೆಲಸದಲ್ಲಿದ್ದಳು. ಹೂಗುಚ್ಛ, ಭಾಷಣ, ಫೋಟೋಗಳ ಗಲಾಟೆಯಲ್ಲಿ ಗಂಟೆ ಎರಡಾಗಿದ್ದು ನನಗೆ ಗೊತ್ತಾಗಲಿಲ್ಲ. ಅವಳು ಬಂದು ತೋಳು ಹಿಡಿದು ನನ್ನ ಹಳೇ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಚೀಲದಿಂದ ಎರಡು ಡಬ್ಬಿ ತೆಗೆದಳು.

“ಮೇಡಂ, ಊಟ ಆಯ್ತಾ?”

“ಇಲ್ಲ ಕಣೇ.”

“ನಂದೂ ಇಲ್ಲ. ಕೂತ್ಕೊಳ್ಳಿ,” ಎಂದಳು.