ಹಳದಿ ಗುಲಾಬಿಯ ಇಬ್ಬರು ಕಳ್ಳರು

ಮೊನ್ನೆ ಕುಂಡಕ್ಕೆ ಸಗಣಿ ಕಲಸುತ್ತಿದ್ದೆ. ಆ ಹಸಿ ವಾಸನೆಗೆ ನಮ್ಮ ನೆರೆಮನೆಯ ಮಾಸ್ತರರು ಎದುರಿಗೆ ಬಂದು ನಿಂತ ಹಾಗಾಯಿತು...

ನಿವೃತ್ತ ಗಣಿತ ಮಾಸ್ತರರು. ಸವಣೂರಿನಲ್ಲಿ ಅವರಿಗೆ ದೊಡ್ಡ ಮರ್ಯಾದೆ. ಕದಿಯುತ್ತಿದ್ದುದು ಒಂದನ್ನೇ, ಕಂಡವರ ಅಂಗಳದ ಗುಲಾಬಿ ಕಡ್ಡಿ. ಗೇಣಿಗಿಂತ ಉದ್ದ ಕತ್ತರಿಸುತ್ತಿರಲಿಲ್ಲ. ಗಿಡ ಒಣಗಬಾರದೆಂದು ಗಾಯಕ್ಕೆ ಸಗಣಿ ಮೆತ್ತಿ ಬರುತ್ತಿದ್ದರು. ಅವರಿಗೊಬ್ಬ ಎದುರಾಳಿ ಇದ್ದರು, ಪೇಟೆಯ ಟೇಲರ್ ಚಾಚಾ. ಅವರು ಸಗಣಿಯ ಬದಲು ಅಂಗಿ ಬಟ್ಟೆಯ ಚೂರು ಸುತ್ತುತ್ತಿದ್ದರು. ಬಂಕಾಪುರದಲ್ಲೋ ಶಿಗ್ಗಾಂವಿಯಲ್ಲೋ ಗಿಡಕ್ಕೆ ಅಂಥ ಚೂರು ಕಂಡರೆ ಮಾಸ್ತರರಿಗೆ ಅಂದು ಊಟ ಸೇರುತ್ತಿರಲಿಲ್ಲ.

ಹಾನಗಲ್ಲಿನ ವಕೀಲರೊಬ್ಬರ ಮನೆಯಲ್ಲಿ ಹಳದಿ ಗುಲಾಬಿ ಇದೆಯೆಂದು ಇಬ್ಬರಿಗೂ ಸುದ್ದಿ ಮುಟ್ಟಿತು. ನನ್ನ ವರ್ಗಾವಣೆಯ ತಕರಾರಿಗೆ ಸಲಹೆ ಕೇಳುವ ನೆಪದಲ್ಲಿ ಮಾಸ್ತರರು ನನ್ನನ್ನೂ ಹೊರಡಿಸಿದರು. ಹೋಗಿ ನೋಡಿದರೆ ಚಾಚಾ ಆಗಲೇ ಪಡಸಾಲೆಯಲ್ಲಿದ್ದಾರೆ, ಕೊರಳಲ್ಲಿ ಟೇಪು, ವಕೀಲರ ಕರಿ ಕೋಟಿನ ಅಳತೆಗೆಂದು. ವಕೀಲರು ಒಳಗೆ ಫೋನಿನಲ್ಲಿದ್ದರು. ಇಬ್ಬರೂ ಒಟ್ಟಿಗೇ ಎದ್ದು ಅಂಗಳಕ್ಕಿಳಿದರು, ಹಿಂದೆ ನಾನು. ನೆಡಲು ಬರುವಂಥ ಕಡ್ಡಿ ಒಂದೇ ಇತ್ತು. ಚಾಚಾನ ಕತ್ತರಿ ಮೊದಲು ಆಡಿತು.

ಮಾಸ್ತರರ ಮುಖ ನೋಡಿ ಚಾಚಾ ಮೆಲ್ಲಗೆ ಹೇಳಿದರು: “ಮನ್ಯಾಕಿ ಕಣ್ಣು ಮಂಜಾಗ್ಯಾವ್ರಿ ಮಾಸ್ತರ. ಕೆಂಪು ಆಕಿಗೆ ಕರಿ ಕಾಣ್ತದಂತ. ಹಳದಿ ಅಷ್ಟ ತಿಳೀತದ.”

ಅಷ್ಟರಲ್ಲಿ ವಕೀಲರು ಹೊರಗೆ ಬಂದರು. ಕಡ್ಡಿ ಇನ್ನೂ ಚಾಚಾನ ಕೈಯಲ್ಲೇ ಇತ್ತು.

“ನಾನ ಕಡದೇನ್ರಿ,” ಎಂದರು ಮಾಸ್ತರರು. “ಹಿಡ್ಕೊಳ್ಳಾಕ ಅವರ ಕೈಯಾಗ ಕೊಟ್ಟೇನಿ.”

ವಕೀಲರು ಚಾಚಾನ ಇನ್ನೊಂದು ಕೈಯನ್ನು ನೋಡಿದರು. “ಹಂಗಾರ ಆ ಕತ್ತರೀನೂ ನಿಮ್ಮದ ಏನ್ರಿ?”

“ಹೌದ್ರಿ.”

ವಕೀಲರು ನಗು ತಡೆಯಲಾರದೆ ಎಲ್ಲರಿಗೂ ಚಹಾ ಹೇಳಿದರು. ಹೊರಡುವಾಗ ಮಾಸ್ತರರು ಕತ್ತರಿಯನ್ನು ತಮ್ಮ ಚೀಲಕ್ಕೇ ಹಾಕಿಕೊಂಡರು. ಆಡಿದ ಮಾತು ಉಳಿಯಬೇಕಲ್ಲ... ಬಸ್ಸಿನಲ್ಲಿ ಸವಣೂರಿನವರೆಗೂ ಕಡ್ಡಿ ನೆಡುವ ಬಗೆಯನ್ನು ಚಾಚಾನಿಗೆ ಪಾಠ ಮಾಡಿದರು. ಅದು ಚಿಗುರಿತು. ಚಾಚಾನ ಹೆಂಡತಿ ಮೊದಲ ಹೂವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ಕುಳಿತಿದ್ದರಂತೆ.

ಮಾಸ್ತರರು ತೀರಿಕೊಂಡು ಎರಡು ವರ್ಷವಾಯಿತು. ಆ ಮನೆಯಲ್ಲಿ ಈಗ ಬಾಡಿಗೆಯವರಿದ್ದಾರೆ. ಚಾಚಾ ಯಾರ ಅಂಗಳಕ್ಕೂ ಕೈ ಹಾಕುವುದನ್ನು ಬಿಟ್ಟಿದ್ದಾರೆ. ಕುಪ್ಪಸದ ಅಳತೆ ಕೊಡಲು ಹೋದಾಗ ಯಾಕೆಂದು ಕೇಳಿದೆ.

“ಕದ್ದು ತಂದು ಯಾರ ಹೊಟ್ಟಿ ಉರಸೂದ್ರಿ ಅಕ್ಕಾರ?” ಎಂದು ಮಷಿನ್ ತುಳಿಯತೊಡಗಿದರು. ಸೂಜಿಗೆ ದಾರ ಪೋಣಿಸಿರಲಿಲ್ಲ...