ಪ್ರೇಮಲೀಲಾ ಅವರ ಸೋಪಿನ ನೀರು

ಶ್ರೀರಾಂಪುರದ ಪ್ರೇಮಲೀಲಾ ಕಾರು ಕಲಿತದ್ದು ಐವತ್ತು ದಾಟಿದ ಮೇಲೆ. ಅದಕ್ಕೆ ಮುಂಚೆ ಅವರ ಜಾಗ ಹಿಂದಿನ ಸೀಟು. ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ, ಕಾಲ ಬಳಿ ನೀರಿನ ಕ್ಯಾನು. ಗಂಡ ಗುರುಮಲ್ಲಪ್ಪನವರಿಗೆ ಬೆನ್ನುನೋವು ಬಂದು, ಡಾಕ್ಟರು ಕಾರು ಓಡಿಸಬೇಡಿ ಎಂದ ಮೇಲೆ ಹಳೆಯ ಕಾರು ಮನೆಮುಂದೆ ಧೂಳು ತಿನ್ನುತ್ತ ನಿಂತಿತು. ಅದನ್ನು ದಿನಾ ನೋಡಿ ನೋಡಿ ಆಕೆಗೆ ಆಸೆ ಹುಟ್ಟಿತು. ಯಾರನ್ನೂ ಕೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿದರು.

ಈಗ ಪ್ರತಿ ಶುಕ್ರವಾರ ಪಕ್ಕದ ಮನೆಯ ಲಕ್ಷ್ಮಮ್ಮನನ್ನು ಕೂರಿಸಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಾರೆ. ಬರುವಾಗ ಬೆಟ್ಟದ ಪಾದದ ಬಳಿ ಒಂದು ತಳ್ಳುಗಾಡಿಯ ಮುಂದೆ ನಿಲ್ಲಿಸಿ ಇಬ್ಬರೂ ಕಾಫಿ ಕುಡಿಯುತ್ತಾರೆ. ಆ ಕಾಫಿ ಅಂಥ ರುಚಿಯೇನಲ್ಲ. ಆದರೆ ಅದು ಬೇರೆಯವರು ಮಾಡಿ ಕೈಗೆ ಕೊಟ್ಟ ಕಾಫಿ. ಕುಡಿದ ಲೋಟವನ್ನು ತೊಳೆಯುವವರೂ ಬೇರೆಯವರೇ.

ದಸರಾ ಮುಗಿಯುತ್ತಿದ್ದಂತೆ ಕಾರಿಗೆ ಏನೋ ಆಯಿತು. ಓಡುವಾಗ ಸರಿಯಾಗಿಯೇ ಇರುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಮಾತ್ರ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು. ಒಮ್ಮೊಮ್ಮೆ ನಡುಗಿ ನಡುಗಿ ನಿಂತೇ ಹೋಗುತ್ತಿತ್ತು. ಹಿಂದಿನವರು ಹಾರ್ನ್ ಹೊಡೆದರೆ ಲಕ್ಷ್ಮಮ್ಮ ಕೊತ್ತಂಬರಿ ಕಟ್ಟು ಹಿಡಿದುಕೊಂಡೇ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವರಿಗೆ ಉತ್ತರ ಕೊಡುತ್ತಿದ್ದಳು.

ಗುರುಮಲ್ಲಪ್ಪ ಬಾನೆಟ್ ಎತ್ತಿಯೂ ನೋಡಲಿಲ್ಲ. ಅವರ ಕಣ್ಣಿಗೆ ಕಾರಣ ಡ್ರೈವರ್ ಸೀಟಿನಲ್ಲೇ ಕೂತಿತ್ತು.

“ನಾನು ಓಡಿಸೋವಾಗ ಒಂದಿನಾನೂ ಹಿಂಗ್ ಮಾಡ್ಲಿಲ್ಲ ಕಣೆ. ಕ್ಲಚ್ ಮೇಲೆ ಕಾಲಿಟ್ಕೊಂಡೇ ಇರ್ತೀಯ.”

ಅನ್ನ ಮುದ್ದೆಯಾದರೆ ಅಕ್ಕಿಯದ್ದಲ್ಲ ತಪ್ಪು, ನಲ್ಲಿ ಸೋರಿದರೆ ವಾಷರಿನದ್ದಲ್ಲ ತಪ್ಪು ಎಂದು ನಡೆದುಬಂದ ಮನೆ ಅದು.

ಉದಯಗಿರಿಯ ಮೆಕ್ಯಾನಿಕ್ ದೊರೆಸ್ವಾಮಿ ಪ್ಲಗ್ಗುಗಳನ್ನು ಬಿಚ್ಚಿ ಒರೆಸಿ ಹಾಕಿದ. ಅಷ್ಟು ಹೊತ್ತೂ ಪ್ರೇಮಲೀಲಾ ಒಳಗೆ ಕೂತು ಅವನು ಹೇಳಿದಾಗಲೆಲ್ಲ ಆಕ್ಸಿಲರೇಟರ್ ಒತ್ತಿದರು. ಎತ್ತಿದ ಬಾನೆಟ್ ಬಿಟ್ಟರೆ ಅವರಿಗೆ ಏನೂ ಕಾಣಲಿಲ್ಲ. ನಡುಕ ಹೋಗಲಿಲ್ಲ. ಇಂಜಿನ್ ಇಳಿಸಿಯೇ ನೋಡಬೇಕಾಗಬಹುದು ಎಂದ ದೊರೆಸ್ವಾಮಿ. ಅಷ್ಟು ಕೇಳಿದ್ದೇ ಗುರುಮಲ್ಲಪ್ಪ ಕಾರು ಮಾರಿಬಿಡುವುದೆಂದು ತೀರ್ಮಾನಿಸಿ, ಹಿನಕಲ್ಲಿನ ಚೆಲುವರಾಜು ಎಂಬ ಪರಿಚಯದವರಿಗೆ ಭಾನುವಾರ ಬಂದು ನೋಡಲು ಫೋನ್ ಮಾಡಿದರು. ಓಡಾಡಲು ಆಟೋ ಇದ್ದೇ ಇದೆಯಲ್ಲ ಎಂದು ಹೆಂಡತಿಗೆ ಸಮಾಧಾನವನ್ನೂ ಹೇಳಿದರು.

ಆಟೋ ಎಂದರೆ ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ವಾಪಸು ಎಂದು ಹೇಳಿ ಹೊರಡುವುದು. ಇಬ್ಬರು ಹೆಂಗಸರು ಬೆಟ್ಟದ ಪಾದದಲ್ಲಿ ಸುಮ್ಮನೆ ಕೂತು ಕಾಫಿ ಕುಡಿಯುವವರೆಗೆ ಯಾವ ಆಟೋದವನು ಕಾಯುತ್ತಾನೆ? ಪ್ರೇಮಲೀಲಾ ದೋಸೆಗೆ ರುಬ್ಬಲು ಹಾಕಿ, ಗ್ರೈಂಡರ್ ತಿರುಗುವುದನ್ನೇ ನೋಡುತ್ತ ನಿಂತರು.

ಭಾನುವಾರ ತಿಂಡಿ ಮುಗಿಸಿ ಹೊರಗೆ ಬಂದು, ಕಾರು ಸ್ಟಾರ್ಟ್ ಮಾಡಿ, ತಾವೇ ಬಾನೆಟ್ ಎತ್ತಿದರು. ಗಡಗಡದ ಒಳಗೆ ಇನ್ನೊಂದು ಸಣ್ಣ ಸದ್ದಿತ್ತು: ಸ್ಸ್ ಎಂದು, ಎಡೆಬಿಡದೆ. ಆ ಸದ್ದು ಅವರಿಗೆ ಗೊತ್ತು. ಗ್ಯಾಸ್ಕೆಟ್ ಸರಿಯಾಗಿ ಕೂರದ ಕುಕ್ಕರು ವಿಷಲ್ ಹಾಕದೆ ಪಕ್ಕದಿಂದ ಹಬೆ ಬಿಡುತ್ತ ಹೀಗೇ ಸತಾಯಿಸುತ್ತದೆ. ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕುವುದು ಹೇಗೆಂಬುದೂ ಅವರಿಗೆ ಗೊತ್ತು. ಗ್ಯಾಸ್ ಸಿಲಿಂಡರ್ ಬದಲಿಸಿದಾಗಲೆಲ್ಲ ಟ್ಯೂಬಿಗೆ ಸೋಪಿನ ನೀರು ಹಚ್ಚಿ ನೋಡುವವರು ಆ ಮನೆಯಲ್ಲಿ ಅವರೊಬ್ಬರೇ.

ಬಟ್ಟಲಲ್ಲಿ ಪಾತ್ರೆ ಸೋಪು ಕದಡಿ, ಹಳೆಯ ಬ್ರಷ್ ಹಿಡಿದು ಬಂದರು. ಕಾಂಪೌಂಡಿನಾಚೆಯಿಂದ ಲಕ್ಷ್ಮಮ್ಮ ಇಣುಕಿದಳು.

“ಪ್ರೇಮಕ್ಕ, ಇಂಜಿನ್‌ಗೂ ಪಾತ್ರೆ ಸೋಪಾ?”

“ಈ ಮನೇಲಿ ಇನ್ನೇನ್ ತೊಳೀದೆ ಬಿಟ್ಟಿದ್ದೀನಿ ಹೇಳು.”

ಸೆರಗನ್ನು ಸೊಂಟಕ್ಕೆ ಬಿಗಿದು, ತಿರುಗುವ ಫ್ಯಾನು ಬೆಲ್ಟುಗಳಿಂದ ಕೈ ದೂರ ಇಟ್ಟು, ಒಂದೊಂದೇ ಟ್ಯೂಬಿಗೆ ನೊರೆ ಹಚ್ಚಿದರು. ಎಲ್ಲೂ ಗುಳ್ಳೆ ಏಳಲಿಲ್ಲ. ಹಿಂಬದಿಯ ಮೂಲೆಯಲ್ಲಿ ಮಾತ್ರ ತಿರುಗುಮುರುಗಾಯಿತು. ನೊರೆ ಹೊರಗೆ ಉಬ್ಬುವ ಬದಲು ಸುರ್ರೆಂದು ಒಳಗೆ ಹೋಯಿತು, ಇಂಜಿನ್ ಒಂದು ಗಳಿಗೆ ನಡುಗುವುದನ್ನು ಮರೆಯಿತು. ಮತ್ತೆ ಹಚ್ಚಿದರು. ಮತ್ತೆ ಹಾಗೇ.

ಕಾರು ಆಫ್ ಮಾಡಿ ಬಗ್ಗಿ ನೋಡಿದರೆ, ಅಲ್ಲಿ ಒಣಗಿ ಕಂದಿದ ಒಂದು ಚೆಂಡುಹೂವಿನ ಹಾರ.

ಆಯುಧಪೂಜೆಯ ದಿನ ಕಾರು ತೊಳೆದು, ವಿಭೂತಿ ಬಳಿದು, ಹಾರ ಹಾಕಿದ್ದು ಗುರುಮಲ್ಲಪ್ಪ. ಬೀದಿಯೆಲ್ಲ ನಿಂತು ಮೆಚ್ಚಿತ್ತು. ಅದೇ ಬೆಳಗ್ಗೆ ಪ್ರೇಮಲೀಲಾ ಗ್ರೈಂಡರು, ಮಿಕ್ಸಿ, ಒಲೆ, ಈಳಿಗೆಮಣೆ ಎಲ್ಲವನ್ನೂ ಉಜ್ಜಿ ಪೂಜೆಗಿಟ್ಟು, ಆಮೇಲೆ ಅವುಗಳಲ್ಲೇ ಹೋಳಿಗೆ ಅಡುಗೆ ಮಾಡಿದ್ದರು. ಗ್ರೈಂಡರ್ ನೋಡಲು ಯಾರೂ ಬಂದಿರಲಿಲ್ಲ. ಆ ಮನೆಯಲ್ಲಿ ಹೂ ಏರಿಸುವುದು ಗಂಡನ ಕೆಲಸ, ಬಾಡಿದ್ದನ್ನು ತೆಗೆಯುವುದು ಹೆಂಡತಿಯ ಕೆಲಸ. ಕಾರಿನ ಮೇಲಿನ ಹಾರವನ್ನು ಮಾರನೆಯ ದಿನವೇ ತೆಗೆದಿದ್ದರು. ಒಳಗೂ ಒಂದಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದರ ದಾರವನ್ನು ಒಂದು ರಬ್ಬರ್ ಟ್ಯೂಬಿಗೆ ಬಿಗಿಯಾಗಿ ಗಂಟು ಹಾಕಿದ್ದರು. ಇಂಜಿನ್ ಅಲುಗಿದಾಗಲೆಲ್ಲ ದಾರ ಜಗ್ಗಿ ಜಗ್ಗಿ ಟ್ಯೂಬು ಅರ್ಧ ಕಳಚಿಕೊಂಡಿತ್ತು.

ದೊರೆಸ್ವಾಮಿಗೆ ಫೋನ್ ಮಾಡಿದರು. ಆ ಸಂದಿಯಿಂದ ಬೇಡದ ಗಾಳಿ ಒಳಗೆ ಹೋಗ್ತಿದೆ, ಟ್ಯೂಬು ಒತ್ತಿ ಕೂರಿಸಿ ಕ್ಲಿಪ್ ಹಾಕಿ, ಸಾಕು ಎಂದ. “ಪೂಜೆ ಹೂವು ಅಂತ ನಾನೂ ಮುಟ್ಲಿಲ್ಲ ಮೇಡಂ,” ಎಂದು ನಕ್ಕ. ಪ್ರೇಮಲೀಲಾ ಹಾರ ಬಿಚ್ಚಿ ತೆಗೆದು, ಟ್ಯೂಬು ಒತ್ತಿ ಕೂರಿಸಿ ಕ್ಲಿಪ್ ಹಾಕಿದರು.

ಪೇಪರ್ ಹಿಡಿದು ಹೊರಗೆ ಬಂದ ಗುರುಮಲ್ಲಪ್ಪನವರಿಗೆ ಹಾರ ತೋರಿಸಿದರು.

“ಒಳಗೆ ದುಡಿಯೋದು ಅದೇ ಅಲ್ವ, ಅದಕ್ಕೂ ಒಂದು ಹೂವಿರ್ಲಿ ಅಂತ ಕಟ್ದೆ,” ಎಂದರು ಅವರು, ಸಣ್ಣ ದನಿಯಲ್ಲಿ.

“ಒಳಗೆ ದುಡಿಯೋರಿಗೂ ಹೂವು ಅಂತ ನಿಮಗೆ ಹೊಳೀತಲ್ಲ, ಸಂತೋಷ. ಕಟ್ಟಿದ್ದನ್ನ ಬಿಚ್ಚೋದೂ ಹೊಳೀಬೇಕಿತ್ತು ಕಣ್ರೀ.”

ಚೆಲುವರಾಜು ಬರುವ ಹೊತ್ತಿಗೆ ಕಾರು ನಿಂತಲ್ಲೇ ಸಣ್ಣಗೆ ಗುನುಗುತ್ತಿತ್ತು. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, ನಡುಕ ಅಂದ್ರಲ್ಲ, ಎಲ್ಲಿದೆ ಎಂದು ಕೇಳಿದರು; ಇವತ್ತೇ ತಗೊಂಡು ಹೋಗ್ತೀನಿ ಎಂದರು. ಗುರುಮಲ್ಲಪ್ಪ ಹೆಂಡತಿಯ ಮುಖ ನೋಡಿದರು. ಕಾರಿನಲ್ಲೇ ಇದ್ದ ಕೀ ತೆಗೆದುಕೊಡುವ ಗೊಡವೆಗೂ ಹೋಗಲಿಲ್ಲ.

“ಕೊಡಲ್ಲ ಕಣಣ್ಣ. ಕಾಯಿಲೆ ಅಂತ ಮಾರೋಕೆ ಹೊರಟಿದ್ವಿ, ವಾಸಿ ಆಯ್ತು,” ಎಂದರು ಪ್ರೇಮಲೀಲಾ. “ಅಷ್ಟು ದೂರದಿಂದ ಬಂದಿದ್ದೀರಿ, ಕಾಫಿ ಕುಡ್ಕೊಂಡು ಹೋಗಿ.” ಆಮೇಲೆ ಮಸಿ ಮೆತ್ತಿದ ಎರಡೂ ಕೈಗಳನ್ನು ಗಂಡನ ಮುಂದೆ ಚಾಚಿದರು. “ನನ್ನ ಕೈ ಹಿಂಗಿದೆ. ನೀವೇ ಮಾಡ್ಬುಡಿ.”

ಗುರುಮಲ್ಲಪ್ಪ ಆ ಕೈಗಳನ್ನು ನೋಡಿದರು, ಬಂದವರನ್ನು ನೋಡಿದರು, ಒಳಗೆ ಹೋದರು.

ಪ್ರೇಮಲೀಲಾ ಡ್ರೈವರ್ ಸೀಟಿನಲ್ಲಿ ಕೂತರು. ಇಂಜಿನ್ ಎಷ್ಟು ಮೆತ್ತಗಿತ್ತೆಂದರೆ ಅಡುಗೆಮನೆಯ ಸದ್ದೆಲ್ಲ ಕೇಳುತ್ತಿತ್ತು. ಒಂದು ಮುಚ್ಚಳ ಬಿತ್ತು. ನಲ್ಲಿ ತಿರುಗಿತು. ಮತ್ತೊಂದು ಮುಚ್ಚಳ ಬಿತ್ತು.

“ಪ್ರೇಮಾ, ಸಕ್ಕರೆ ಡಬ್ಬಿ ಎಲ್ಲಿ?”

ಪ್ರೇಮಲೀಲಾ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದರು.