ಅತ್ತಿ ಹೇಳಿದ ಸಿನಿಮಾ

ಪ್ರತಿ ವರ್ಷ ಡಿಸೆಂಬರ್ ಮುಗಿಯುವ ಹೊತ್ತಿಗೆ ಇದನ್ನು ಬರೆಯಬೇಕು ಅಂದುಕೊಳ್ಳುತ್ತೇನೆ, ಪ್ರತಿ ವರ್ಷ ಏನಾದರೊಂದು ನೆಪ ಹೂಡಿ ಮುಂದೆ ತಳ್ಳುತ್ತೇನೆ. ಕಣ್ಣಿನ ಆಪರೇಷನ್ ಆಗಲಿ, ಕಿರಿಯ ಮಗಳ ಮದುವೆ ಮುಗಿಯಲಿ ಎಂದೆ. ಎರಡೂ ಆದವು. ಇನ್ನು ನೆಪಗಳಿಲ್ಲ.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ನಡುವಿನ ಮಾತು. ಆಗ ಹೊನವಾಡದ ನಮ್ಮ ಮನೆಗೆ ವರ್ಷಕ್ಕೆ ಒಂದೇ ಸಿನಿಮಾ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲುವುದು, ಮರುದಿನ ಮನೆಮಂದಿಯೆಲ್ಲ ಬಸ್ಸು ಹತ್ತಿ ತಿಕೋಟಾ ದಾಟಿ ವಿಜಾಪುರಕ್ಕೆ ಹೋಗುವುದು. ಈಗಿನ ವಿಜಯಪುರ ಆಗ ನಮ್ಮ ಬಾಯಲ್ಲಿ ವಿಜಾಪುರ. ಇದು ನಮ್ಮಜ್ಜ ಹಾಕಿದ ಪದ್ಧತಿ. ಅಜ್ಜನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಯಾವ ಸಿನಿಮಾ, ಯಾವ ಆಟ, ಯಾರು ಯಾರ ಪಕ್ಕ ಕೂಡಬೇಕು ಎಂಬುದೆಲ್ಲ ಅವನದೇ ತೀರ್ಮಾನ. ಮನೆಯ ಹೆಣ್ಣುಮಕ್ಕಳು ತಾವಾಗಿಯೇ ಸಿನಿಮಾಕ್ಕೆ ಹೋಗುವುದೆಂದರೆ ಅವನಿಗೆ ಮರ್ಯಾದೆ ಹೋದಂತೆ.

ನನ್ನ ಅಪ್ಪನ ಕಿರಿಯ ತಂಗಿ, ನಮ್ಮ ಅತ್ತಿ, ಆ ವರ್ಷ ವಿಜಾಪುರದ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದಳು. ಆ ಕ್ಲಾಸಿಗಾಗಿ ಅಜ್ಜನ ಮುಂದೆ ಊಟ ಬಿಟ್ಟು ಕೂತು ಗೆದ್ದವಳು. ಬೇಸಿಗೆಗೆ ಪರೀಕ್ಷೆ. ಸರ್ಟಿಫಿಕೇಟು ಬಂದರೆ ಪಡಸಾಲೆಯಲ್ಲಿ ಮಷಿನ್ನು ಇಟ್ಟು ತಾನೇ ದುಡಿಯುವುದಾಗಿ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅವಳ ಕೈಚೀಲದಲ್ಲಿ ಕುಪ್ಪಸದ ಬಟ್ಟೆಗಳ ನಡುವೆ ಯಾವಾಗಲೂ ಗ್ರಂಥಾಲಯದ ಒಂದು ಕಾದಂಬರಿ. ಕ್ಲಾಸು ಬೇಗ ಬಿಟ್ಟ ದಿನ ಗೆಳತಿಯರೊಡನೆ ಮ್ಯಾಟಿನಿಗೂ ನುಗ್ಗುತ್ತಿದ್ದಳು. ಇದು ಗೊತ್ತಿದ್ದದ್ದು ಇಬ್ಬರಿಗೇ: ನನಗೆ ಮತ್ತು ರಜೆಗೆಂದು ಬಬಲೇಶ್ವರದಿಂದ ಬಂದಿದ್ದ ನನ್ನ ದೊಡ್ಡವ್ವನ ಮಗ ಬಸುವಿಗೆ. ಯಾಕೆಂದರೆ ನೋಡಿದ ಸಿನಿಮಾವನ್ನು ಯಾರಿಗೂ ಹೇಳದೆ ಇರುವುದು ಅವಳಿಂದ ಆಗುತ್ತಿರಲಿಲ್ಲ.

ಅಮಾವಾಸ್ಯೆಯ ದಿನ ಚಕ್ಕಡಿಯಲ್ಲಿ ಹೊಲಕ್ಕೆ ಹೋದೆವು. ಜೋಳ ನನ್ನ ತಲೆಗಿಂತ ಎತ್ತರ ನಿಂತಿತ್ತು, ಎಲೆಯ ಮೇಲೆ ಇನ್ನೂ ಇಬ್ಬನಿ. ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆ ಮಾಡಿ, ಅಜ್ಜ ಹೊಲದ ಸುತ್ತ ಅಡಿಗೆಯ ಚರಗ ಚೆಲ್ಲುತ್ತ ನಡೆದರೆ ನಾವಿಬ್ಬರು ಹಿಂದಿನಿಂದ ಕೂಗು ಹಾಕುತ್ತ ಓಡಿದೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹೋಳಿಗೆ. ಹೊಟ್ಟೆ ಬಿರಿಯುವಂತೆ ಉಂಡು ದೊಡ್ಡವರು ಅಡ್ಡಾದ ಮೇಲೆ ಅತ್ತಿ ನಮ್ಮನ್ನು ಬೇವಿನ ಗಿಡದ ಆಚೆ ಕರೆದೊಯ್ದು ಕೂಡಿಸಿದಳು.

ಹಳ್ಳಿಯ ಸಾಲೆಗೆ ಕಲಿಸಲು ಬಂದ ಒಬ್ಬ ಮಾಸ್ತರಬಾಯಿಯ ಕಥೆ ಅದು. ಅತ್ತಿ ಹೇಳಲು ಕೂತರೆ ಸೆರಗೇ ನದಿ, ಅವಳ ಬಳೆಯೇ ಸಾಲೆಯ ಗಂಟೆ. ಹೊಳೆ ತುಂಬಿ ಸೇತುವೆ ಮುರಿಯುವಾಗ ಅವಳು ಒಣ ದಂಟೊಂದನ್ನು ಲಟಕ್ಕನೆ ಮುರಿದಳು, ಬಸು ಹೆದರಿ ನನ್ನ ಅಂಗಿ ಹಿಡಿದುಕೊಂಡ. ಕೊನೆಗೆ ಮಾಸ್ತರಬಾಯಿ ಹೊಳೆ ದಾಟಿ ಬಂದು, ಹಸಿ ಸೀರೆಯಲ್ಲೇ ಸಾಲೆಯ ಬಾಗಿಲು ತೆರೆಯುತ್ತಾಳೆ. ನನಗೆ ಮೈಯೆಲ್ಲ ಜುಮ್ಮೆಂದಿತು.

ಸಂಜೆ ಚಕ್ಕಡಿಯಲ್ಲಿ ಅಜ್ಜ ಮರುದಿನದ ಸಿನಿಮಾ ಯಾವುದೆಂದು ಹೇಳಿದ. ಅದೇ ಸಿನಿಮಾ. ಸಂಸಾರಸ್ಥರು ನೋಡುವಂಥದ್ದು ಎಂದು ಅವನಿಗೆ ಯಾರೋ ಹೇಳಿದ್ದರಂತೆ. ಅತ್ತಿಯ ಮುಖ ಇಳಿಯಿತು. ಮನೆಗೆ ಬಂದವಳೇ ನಮ್ಮಿಬ್ಬರ ಕೈಗೆ ಹೊಲದಿಂದ ತಂದಿದ್ದ ಜೋಳದ ತೆನೆ ಕೊಟ್ಟು ಆಣೆ ಮಾಡಿಸಿದಳು.

"ನಾಳೆ ಏನೂ ಗೊತ್ತಿಲ್ದಂಗ ಕುಂದರಬೇಕು. ಬಾಯಿ ಬಿಟ್ರಿ ಅಂದ್ರ ನನ್ನ ಕ್ಲಾಸು ಮುಗೀತು, ತಿಳೀತಿಲ್ಲೋ?"

ತಿಳಿದಿತ್ತು. ತಿಳಿಯದೆ ಮಾಡಿದೆ ಎಂದು ಇವತ್ತು ಹೇಳಲಾರೆ.

ಮರುದಿನ ಬಸ್ಸಿನಲ್ಲಿ ಕಿಟಕಿಗಾಗಿ ಬಸುವಿನೊಡನೆ ಗುದ್ದಾಡಿದೆ. ಗೋಲಗುಮ್ಮಟ ಮೊದಲು ಕಂಡವರು ಗೆದ್ದಂತೆ ಎಂದು ಪಂದ್ಯ, ಅವನೇ ಗೆದ್ದ. ಥೇಟರಿನ ಒಳಗೆ ಬೀಡಿಯ ಹೊಗೆ, ಕಾಲ ಕೆಳಗೆ ಶೇಂಗಾ ಸಿಪ್ಪೆ, ದೀಪ ಆರಿದೊಡನೆ ಸಿಳ್ಳೆ. ನಾನು ಅಜ್ಜನ ಪಕ್ಕ, ಅತ್ತಿ ಆ ಕಡೆ ಅವ್ವನ ಪಕ್ಕ. ಎಷ್ಟೋ ಹೊತ್ತು ತುಟಿ ಕಚ್ಚಿಕೊಂಡೇ ಕೂತೆ. ಆದರೆ ಪರದೆಯ ಮೇಲೆ ಮೋಡ ಕವಿಯಿತು, ಹೊಳೆ ಏರಿತು, ಇಡೀ ಥೇಟರು ಉಸಿರು ಹಿಡಿಯಿತು. ನನಗೆ ತಡೆಯಲಾಗಲಿಲ್ಲ.

"ಈಗ ಸೇತುವಿ ಮುರೀತೈತಿ ನೋಡಜ್ಜಾ!"

ಸೇತುವೆ ಮುರಿಯಿತು. ಮುಂದಿನ ಸಾಲಿನವನೊಬ್ಬ ತಿರುಗಿ, ಈ ಕಥೆ ನೀನೇ ಬರೆದೆಯೇನಲೇ ಎಂದು ಕೇಳಿದ. ಸುತ್ತಲಿನವರು ನಕ್ಕರು. ನಾನು ಹಿಗ್ಗಿ ಹೋದೆ. ಅಜ್ಜ ನಗಲಿಲ್ಲ.

ಸಿನಿಮಾದ ಕೊನೆ ಅತ್ತಿ ಹೇಳಿದಂತೆ ಇರಲಿಲ್ಲ. ಮಾಸ್ತರಬಾಯಿ ಕೆಲಸ ಬಿಟ್ಟು ಅಣ್ಣನ ಕಾಲಿಗೆ ಬಿದ್ದು ಮನೆಗೆ ಮರಳುತ್ತಾಳೆ. ಸಾಲೆಯ ಬಾಗಿಲು ತೆರೆದದ್ದು ಅತ್ತಿಯ ಸಿನಿಮಾದಲ್ಲಿ ಮಾತ್ರ.

ಹೊರಗೆ ಬಂದ ಮೇಲೆ ಅಜ್ಜ ನನಗೆ ಹೇಗೆ ಗೊತ್ತಾಯಿತೆಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅತ್ತಿ ಮುಂದೆ ಬಂದಳು.

"ಹಾಡಿನ ಪುಸ್ತಕದಾಗ ಕಥಿ ಇರ್ತೈತಿ ಯಪ್ಪಾ. ಗೆಳತಿ ಕೊಟ್ಟಿದ್ಲು, ಓದಿ ಹೇಳೇನಿ."

ಥೇಟರಿನ ಬಾಗಿಲಲ್ಲೇ ಹಾಡಿನ ಪುಸ್ತಕ ಮಾರುವವನಿದ್ದ. ಅಜ್ಜ ಒಂದು ಕೊಂಡು ನನ್ನ ಕೈಗಿಟ್ಟ. ಆ ತೆಳು ಪುಸ್ತಕಗಳನ್ನು ನೋಡಿದವರಿಗೆ ಗೊತ್ತು, ಅವುಗಳಲ್ಲಿ ಕಥೆ ಅರ್ಧಕ್ಕೇ ನಿಲ್ಲುತ್ತಿತ್ತು. ನಾನು ದೊಡ್ಡ ದನಿಯಲ್ಲಿ, ಸಾಲೆಯಲ್ಲಿ ಪಾಠ ಓದಿದಂತೆ ಓದಿದೆ. ಬಸ್ಸಿಗೆ ಹೊರಟವರೂ ನಿಂತು ಕೇಳಿದರು. ಕೊನೆಯ ಸಾಲು: ಹೊಳೆ ತುಂಬಿದ ಆ ರಾತ್ರಿ ಏನಾಯಿತೆಂಬುದನ್ನು ಬೆಳ್ಳಿತೆರೆಯ ಮೇಲೆ ನೋಡಿರಿ.

ಅಲ್ಲಿಗೆ ತಲೆ ಎತ್ತಿದೆ. ಅತ್ತಿ ನನ್ನನ್ನೇ ನೋಡುತ್ತಿದ್ದಳು. ಅಜ್ಜನಿಗೆ ಓದಲು ಬರುವುದಿಲ್ಲ. ಸೇತುವೆಯ ಕಥೆಯನ್ನು ಪುಸ್ತಕದಲ್ಲಿದೆ ಎಂಬಂತೆ ಮುಂದುವರಿಸಿ ಓದಿದ್ದರೆ ಸಾಕಿತ್ತು. ಕಥೆ ನನಗೆ ಬಾಯಿಪಾಠವಿತ್ತು. ಅವಳ ಕಣ್ಣು ಅದನ್ನೇ ಬೇಡುತ್ತಿತ್ತು, ಅದು ನನಗೆ ಅರ್ಥವಾಗಿತ್ತು. ಆದರೆ ಅಷ್ಟು ಜನ ನನ್ನ ಓದಿಗೆ ತಲೆದೂಗುತ್ತಿದ್ದರು.

"ಇಷ್ಟ ಐತಿ ಅಜ್ಜಾ. ಸೇತುವಿ ಮುರಿಯೂದು ಇದರಾಗಿಲ್ಲ."

ಅಜ್ಜ ನನ್ನ ಬೆನ್ನು ತಟ್ಟಿ, ಭೇಷ್ ಓದಿದೆ ಎಂದ. ಆ ಒಂದು ಭೇಷ್‌ಗಾಗಿ ನಾನು ಅವಳನ್ನು ಮಾರಿದೆ.

ಸೋಮವಾರ ಅತ್ತಿ ಚೀಲ ತೆಗೆದುಕೊಂಡು ಹೊರಟಾಗ ಅಜ್ಜ, ಕೂತಲ್ಲಿಂದ ಏಳದೆಯೇ, "ಸೂಜಿ ದಾರ ಮನ್ಯಾಗೂ ಅದಾವು" ಎಂದ. ಅಷ್ಟೇ. ಬೇಸಿಗೆಯಲ್ಲಿ ಪರೀಕ್ಷೆಯ ಬದಲು ಮದುವೆಯಾಯಿತು, ಕಾಖಂಡಕಿಗೆ ಕೊಟ್ಟರು. ಪಂಚಮಿಗೆ ಅವಳು ತವರಿಗೆ ಬಂದಾಗ, ಹಬ್ಬಕ್ಕೆ ಬಂದಿದ್ದ ಬಸು ಸಿನಿಮಾ ಹೇಳೆಂದು ಗಂಟುಬಿದ್ದ. ತಾನು ಯಾವುದನ್ನೂ ನೋಡಿಲ್ಲ ಎಂದು ಅವಳು ರೊಟ್ಟಿ ಬಡಿಯತೊಡಗಿದಳು. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ.

ದೊಡ್ಡವನಾದ ಮೇಲೆ ಎಷ್ಟೋ ಸಲ ಕಾಖಂಡಕಿಗೆ ಹೋದೆ. ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಹೇಳಬೇಕಾದ್ದನ್ನು ಗಂಟಲಲ್ಲೇ ಇಟ್ಟುಕೊಂಡು ಬಬಲೇಶ್ವರದ ಬಸ್ಸು ಹಿಡಿದು ಮರಳಿದೆ. ಹೋದ ವರ್ಷ ಅವಳು ತೀರಿಕೊಂಡಾಗ ಮಣ್ಣಿಗೂ ಹೋಗಿ ಬಂದೆ.

ಈಗ ಮೊಮ್ಮಕ್ಕಳ ಮೊಬೈಲಿನಲ್ಲಿ ಬೇಕೆಂದಾಗ ಬೇಕಾದ ಸಿನಿಮಾ. ಅರ್ಧ ನೋಡಿ ಬಿಡುತ್ತಾರೆ, ಒಬ್ಬರಿಗೊಬ್ಬರು ಹೇಳುವುದಿಲ್ಲ. ಅವಳು ಹೇಳದೆ ಹೋದ ಸಿನಿಮಾಗಳನ್ನು ನೆನೆಯುತ್ತೇನೆ. ಅವುಗಳ ಕೊನೆಯನ್ನು ಅವಳು ಹೇಗೆಲ್ಲ ತಿದ್ದುತ್ತಿದ್ದಳೋ. ಮನೆಯಲ್ಲಿ ಅವಳು ಅತ್ತಿಯಾಗಿಯೇ ಉಳಿದಳು, ಆಮೇಲೆ ಕಾಖಂಡಕಿ ಅತ್ತಿ. ಅವಳ ಹೆಸರಿನ ಸರ್ಟಿಫಿಕೇಟು ಯಾವ ಗೋಡೆಯ ಮೇಲೂ ಬರಲಿಲ್ಲ, ಅದಕ್ಕೆ ಕಾರಣ ನಾನು. ಕ್ಷಮಿಸೆಂದು ಅವಳನ್ನು ನಾನು ಕೇಳಲೇ ಇಲ್ಲ. ಅವಳ ಹೆಸರು ಕಸ್ತೂರಿ.